ಹೋದ ತೂಕ ಎಲ್ಲಿಗೆ ಹೋಯಿತು?

ಕಾಲೇಜಿನ ಮೊದಲ ವರ್ಷದ ಜೀವಶಾಸ್ತ್ರದ ಉತ್ತರ ಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನು ಒಂದೇ ವಾಕ್ಯದ ಹತ್ತಿರ ಮತ್ತೆ ಮತ್ತೆ ನಿಲ್ಲುತ್ತದೆ: ‘ಗ್ಲೂಕೋಸ್ ಶಕ್ತಿಯಾಗಿ ಮಾರ್ಪಡುತ್ತದೆ.’ ಬರೆದವರು ದಡ್ಡರಲ್ಲ. ಗ್ಲೂಕೋಸ್ ಒಡೆಯುವ ಮೊದಲ ಘಟ್ಟವಾದ ಗ್ಲೈಕಾಲಿಸಿಸ್‌ನ ಹತ್ತೂ ಹಂತಗಳನ್ನು ಕಿಣ್ವಗಳ ಹೆಸರು ಸಮೇತ ಮೇಲಿನ ಅರ್ಧ ಪುಟದಲ್ಲಿ ಬರೆದಿರುತ್ತಾರೆ. ಅದರ ಮುಂದಿನ ಘಟ್ಟವಾದ ಕ್ರೆಬ್ಸ್ ಚಕ್ರದ ಚಿತ್ರವನ್ನೂ ಅಂದವಾಗಿ ಬಿಡಿಸಿರುತ್ತಾರೆ. ಅಷ್ಟೆಲ್ಲ ಮಾಡಿ ಕೊನೆಗೆ ಈ ಸಾಲು.

ಗ್ಲೂಕೋಸ್ ಶಕ್ತಿಯಾಗುವುದಿಲ್ಲ. ಅದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಹಾಗೆ ಆಗುವಾಗ ಶಕ್ತಿ ಹೊರಬರುತ್ತದೆ. ‘ಎರಡೂ ಒಂದೇ ಅಲ್ವಾ ಮೇಡಂ?’ ಅಂತ ಕೇಳುತ್ತಾರೆ. ಖಂಡಿತ ಅಲ್ಲ.

ತಕ್ಕಡಿ ಹಿಡಿದೇ ನೋಡೋಣ. 180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿಯಲು 192 ಗ್ರಾಂ ಆಮ್ಲಜನಕ ಬೇಕು. ಒಟ್ಟು 372 ಗ್ರಾಂ. ಕೊನೆಗೆ ಸಿಗುವುದು 264 ಗ್ರಾಂ ಕಾರ್ಬನ್ ಡೈಆಕ್ಸೈಡ್, 108 ಗ್ರಾಂ ನೀರು. ಕೂಡಿ ನೋಡಿ, ಅದೂ 372. ಶಕ್ತಿಯ ಪಾಲಿಗೆ ಅಂತ ಒಂದು ಗ್ರಾಂ ಕೂಡ ಎತ್ತಿಡಲು ಇಲ್ಲಿ ಜಾಗವಿಲ್ಲ. ಗ್ಲೂಕೋಸಿನಲ್ಲಿದ್ದ 72 ಗ್ರಾಂ ಕಾರ್ಬನ್ ಅಷ್ಟಕ್ಕಷ್ಟೂ ಕಾರ್ಬನ್ ಡೈಆಕ್ಸೈಡಿನಲ್ಲಿ ಹಾಜರಿದೆ. ಗುಡ್ಡದ ಮೇಲಿನ ಕಲ್ಲು ಕೆಳಗೆ ಉರುಳಿ ಶಕ್ತಿ ಕೊಟ್ಟಿತು ಅಂದರೆ ಕಲ್ಲೇನು ಕರಗಿ ಹೋಗಲಿಲ್ಲವಲ್ಲ, ಅದರ ಜಾಗ ಬದಲಾಯಿತು ಅಷ್ಟೆ. ಇಲ್ಲೂ ಬದಲಾದದ್ದು ಪರಮಾಣುಗಳ ಜೋಡಣೆ.

ಪ್ರತಿ ತರಗತಿಯಲ್ಲೂ ಒಬ್ಬ ಜಾಣ ಇರುತ್ತಾನೆ. ತೂಕಕ್ಕೂ ಶಕ್ತಿಗೂ ನಂಟು ಹೇಳುವ ಐನ್‌ಸ್ಟೈನ್ ಸಮೀಕರಣವನ್ನು ತಂದು ಮುಂದಿಡುತ್ತಾನೆ. ಸಂತೋಷ, ಆ ಲೆಕ್ಕವನ್ನೂ ಮಾಡೋಣ. 180 ಗ್ರಾಂ ಗ್ಲೂಕೋಸಿನಿಂದ ಸುಮಾರು 2,800 ಕಿಲೋಜೂಲ್ ಶಕ್ತಿ ಬರುತ್ತದೆ. ಅದಕ್ಕೆ ಸಮನಾದ ತೂಕ ಎಷ್ಟು? ಒಂದು ಗ್ರಾಮನ್ನು ಹತ್ತು ಕೋಟಿ ಪಾಲು ಮಾಡಿ, ಅದರಲ್ಲಿ ಮೂರು ಪಾಲು ತೆಗೆದುಕೊಳ್ಳಿ. ಯಾವ ಲ್ಯಾಬಿನ ತಕ್ಕಡಿಗೂ ಅದು ಗೊತ್ತಾಗುವುದಿಲ್ಲ. ಜೀವಶಾಸ್ತ್ರದಲ್ಲಿ ಅದನ್ನು ಮರೆತರೆ ಏನೂ ನಷ್ಟವಿಲ್ಲ.

‘ಹಾಗಾದರೆ ಎಟಿಪಿ?’ ಅನ್ನುತ್ತಾರೆ. ಜೀವಕೋಶ ಶಕ್ತಿಯನ್ನು ಸಾಗಿಸಲು ಬಳಸುವ ಅಣು ಅದು. ಒಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಬ್ಬಳು ಹುಡುಗಿ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಕೊಟ್ಟಳು. ಕೊನೆಗೆ ಕೇಳಿದೆ, ‘ಗ್ಲೂಕೋಸಿನ ಕಾರ್ಬನ್ ಎಲ್ಲಿಗೆ ಹೋಯಿತಮ್ಮಾ?’ ‘ಎಟಿಪಿ ಆಯಿತು ಮೇಡಂ’ ಅಂದಳು. ಅದೇ ಬಾಯಲ್ಲಿ ಐದು ನಿಮಿಷದ ಹಿಂದೆ ‘ಎಡಿಪಿಗೆ ಒಂದು ಫಾಸ್ಫೇಟ್ ಸೇರಿದರೆ ಎಟಿಪಿ’ ಅಂದಿದ್ದಳು. ಆ ಫಾಸ್ಫೇಟು ಗ್ಲೂಕೋಸಿನದ್ದಲ್ಲ, ಅದರಲ್ಲಿ ಕಾರ್ಬನ್ನೂ ಇಲ್ಲ. ಗೊತ್ತಿರುವ ಎರಡು ವಿಷಯಗಳು ತಲೆಯೊಳಗೆ ಒಂದಕ್ಕೊಂದು ಭೇಟಿಯೇ ಆಗಿಲ್ಲ. ನನಗೆ ಸಿಟ್ಟಿಗಿಂತ ಪಾಪ ಅನಿಸಿದ್ದೇ ಹೆಚ್ಚು. ಅವಳಿಗೆ ಹಂತಗಳನ್ನು ಬಾಯಿಪಾಠ ಮಾಡಿಸಿದ್ದು ನಾವೇ ತಾನೆ.

ಲ್ಯಾಬಿನಲ್ಲಿ ಇದನ್ನೇ ಬೀಜ ಇಟ್ಟು ತೋರಿಸಬಹುದು. ಸಮ ತೂಕದ ಒಣ ಬೀಜಗಳು ಮೂರು ತಟ್ಟೆಯಲ್ಲಿ. ಒಂದಕ್ಕೆ ಬೆಳಕು, ನೀರು ಎರಡೂ. ಇನ್ನೊಂದಕ್ಕೆ ಬೆಳಕು ಮಾತ್ರ. ಮೂರನೆಯದು ಕತ್ತಲೆಯಲ್ಲಿ, ನೀರಿನ ಜೊತೆ. ಕೆಲವು ದಿನ ಬಿಟ್ಟು ಎಲ್ಲವನ್ನೂ ಓವನ್ನಿನಲ್ಲಿ ಪೂರ್ತಿ ಒಣಗಿಸಿ ತೂಗಬೇಕು. ಕತ್ತಲೆಯ ತಟ್ಟೆಯಲ್ಲಿ ಉದ್ದುದ್ದ ಬಿಳಿ ಮೊಳಕೆ ಬಂದಿರುವುದನ್ನು ನೋಡಿ ‘ಇದರ ತೂಕ ಜಾಸ್ತಿಯಾಗಿರುತ್ತೆ’ ಅಂತ ಮುಕ್ಕಾಲು ತರಗತಿ ಹೇಳುತ್ತದೆ. ತಕ್ಕಡಿ ಕಡಿಮೆ ತೋರಿಸುತ್ತದೆ. ಆಗ ತಕ್ಕಡಿ ಕೆಟ್ಟಿದೆ ಅನ್ನುತ್ತಾರೆ! ಕೆಟ್ಟಿಲ್ಲ. ಬೀಜ ಕೂಡಿಟ್ಟಿದ್ದ ಪಿಷ್ಟವನ್ನು ಸುಟ್ಟುಕೊಂಡೇ ಮೊಳಕೆ ಬೆಳೆದಿದೆ, ಸುಟ್ಟ ಕಾರ್ಬನ್ ಗಾಳಿಗೆ ಹೋಗಿದೆ. ಬೆಳಕಿನಲ್ಲಿದ್ದದ್ದು ಎಲೆ ಬಿಡುವವರೆಗೆ ಅದೂ ತೂಕ ಕಳೆದುಕೊಳ್ಳುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಬೇಗ ತೂಗಿದರೆ ಎರಡರಲ್ಲೂ ಕಡಿಮೆ ಬರಬಹುದು. ಅದೂ ಸರಿಯಾದ ಫಲಿತಾಂಶವೇ.

ಗಿಡದ ತೂಕ ಬರುವುದು ಎಲ್ಲಿಂದ ಅಂತ ಕೇಳಿದರೆ ಉತ್ತರ ‘ಮಣ್ಣಿನಿಂದ’. ಇದು ಹಳೆಯ ತಪ್ಪು, ದೊಡ್ಡವರೂ ಎಡವಿದ್ದಾರೆ. ಹದಿನೇಳನೆಯ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ 5 ಪೌಂಡಿನ ವಿಲೋ ಸಸಿಯನ್ನು 200 ಪೌಂಡ್ ಒಣ ಮಣ್ಣಿನಲ್ಲಿ ನೆಟ್ಟು, ಐದು ವರ್ಷ ನೀರು ಹಾಕಿದ. ಮರ 169 ಪೌಂಡ್ ದಾಟಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ಎರಡು ಔನ್ಸ್. ಮಣ್ಣಲ್ಲ ಅಂತ ಅಲ್ಲಿಗೆ ಖಚಿತವಾಯಿತು. ಹಾಗಾದರೆ ಎಲ್ಲವೂ ನೀರಿನಿಂದಲೇ ಅಂದುಬಿಟ್ಟ. ಅವನು ಸತ್ತ ಮೇಲೆ, 1648ರಲ್ಲಿ, ಇದು ಅಚ್ಚಾಯಿತು. ತಮಾಷೆ ಏನೆಂದರೆ 62 ಪೌಂಡ್ ಇದ್ದಿಲು ಸುಟ್ಟರೆ ಒಂದು ಪೌಂಡ್ ಬೂದಿ ಉಳಿಯುತ್ತದೆ, ಮಿಕ್ಕದ್ದು ಅನಿಲವಾಗಿ ಹೋಗುತ್ತದೆ ಅಂತ ಬರೆದವನೂ ಅವನೇ. ಮರ ಅನಿಲವಾಗಿ ಹೋಗುವುದನ್ನು ಕಂಡವನಿಗೆ ಅನಿಲ ಮರವಾಗುವುದು ಹೊಳೆಯಲಿಲ್ಲ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ನಾಲ್ಕೇ ಪಾಲು ಚಿಲ್ಲರೆ. ಅಷ್ಟರಿಂದ ಮರದ ದಿಮ್ಮಿ ಅಂದರೆ ನನ್ನ ವಿದ್ಯಾರ್ಥಿಗಳಿಗೂ ನಂಬಿಕೆ ಬರುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ. ಇಷ್ಟು ಕೇಳಿ ‘ಮಣ್ಣು ಮುಖ್ಯವಲ್ಲ’ ಅಂತ ಬರೆದರೂ ಅಂಕ ಕತ್ತರಿಸುತ್ತೇನೆ. ಸಾರಜನಕ, ರಂಜಕ, ಪೊಟ್ಯಾಸಿಯಂ ತೂಕದಲ್ಲಿ ಸ್ವಲ್ಪವೇ. ಆದರೆ ಅವಿಲ್ಲದೆ ಗಿಡ ಏಳುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಕೇಳಿದಾಗ ಮಾತ್ರ ಹಿಂದಿನ ಬೆಂಚು ಎಚ್ಚರಾಗುತ್ತದೆ. ಯಾರೋ ಹತ್ತು ಕಿಲೋ ಕೊಬ್ಬು ಇಳಿಸಿದರು ಅನ್ನಿ. ಆ ಕೊಬ್ಬು ಎಲ್ಲಿ ಹೋಯಿತು? ಬೆವರು, ಶಾಖ, ಸ್ನಾಯು, ಏನೇನೋ ಹೇಳುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ 8.4 ಕಿಲೋ ಕಾರ್ಬನ್ ಡೈಆಕ್ಸೈಡಾಗಿ ಶ್ವಾಸಕೋಶದಿಂದ ಹೊರಗೆ ಹೋಗುತ್ತದೆ, 1.6 ಕಿಲೋ ನೀರಾಗುತ್ತದೆ. ಆ ಲೇಖಕರು ವೈದ್ಯರನ್ನೂ ಆಹಾರ ತಜ್ಞರನ್ನೂ ಇದೇ ಪ್ರಶ್ನೆ ಕೇಳಿದ್ದರು. ಹೆಚ್ಚಿನವರ ಉತ್ತರ ನನ್ನ ಹುಡುಗರದ್ದೇ: ಶಕ್ತಿಯಾಯಿತು! ಮೊದಲ ವರ್ಷದಲ್ಲಿ ಬಿಟ್ಟ ಗಂಟು ಪದವಿ ಮುಗಿದ ಮೇಲೂ ಬಿಚ್ಚಿಕೊಳ್ಳುವುದಿಲ್ಲ. ಹಾಗಂತ ಸುಮ್ನೆ ಕೂತು ಜೋರಾಗಿ ಉಸಿರು ಬಿಟ್ಟರೆ ತೂಕ ಇಳಿಯುವುದಿಲ್ಲ, ತಲೆ ಸುತ್ತುತ್ತದೆ ಅಷ್ಟೆ. ಜೀವಕೋಶ ಕೊಬ್ಬನ್ನು ಸುಟ್ಟರೆ ತಾನೆ ಹೊರಗೆ ಹಾಕಲು ಕಾರ್ಬನ್ ಸಿಗುವುದು. ತೂಕದ ಬಗ್ಗೆ ನಿಜವಾದ ಚಿಂತೆ ಇದ್ದವರು ನನ್ನ ತರಗತಿಯ ಲೆಕ್ಕ ನಂಬಿಕೊಂಡು ಕೂರದೆ ವೈದ್ಯರ ಹತ್ತಿರ ಹೋಗಲಿ.

ಪ್ರಶ್ನೆಪತ್ರಿಕೆ ತಯಾರಿಸುವ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ಕಿಣ್ವಗಳ ಹೆಸರು ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಕೈಬಿಡಿ. ಆ ಜಾಗದಲ್ಲಿ ಕತ್ತಲೆಯ ಬೀಜದ ತಟ್ಟೆಯನ್ನು ಇಡಿ. ಎರಡೇ ಅಂಕ ಸಾಕು.