ಮನೇಲಿ ತೆಲುಗು ಬಿಟ್ಟರೆ ಮಗನ ಕನ್ನಡ ಸರಿಹೋಗುತ್ತಾ?

ಪ್ರಶ್ನೆ: ಮೇಡಂ, ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಮನೆ ಮಾತು ತೆಲುಗು. ಮಗ ಏಳನೇ ಕ್ಲಾಸು, ಕನ್ನಡದಲ್ಲಿ ತುಂಬಾ ಹಿಂದೆ. ಮನೇಲಿ ತೆಲುಗು ಮಾತಾಡೋದು ನಿಲ್ಲಿಸಿಬಿಡೋಣ ಅಂತಿದ್ದೀವಿ. ಕ್ಲಾಸಲ್ಲಿ ಏನೇನು ಕೇಳ್ತಾರೆ, ಯಾವ ಗೈಡ್ ತಗೋಬೇಕು, ಸ್ವಲ್ಪ ಹೇಳಿ.

ಜೂನ್ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಊರಿನ ಹೆಸರು ಮಾತ್ರ ಬೇರೆ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಆ ಕಡೆ ಪಾವಗಡ. ಕೆಜಿಎಫ್ ಕಡೆಯವರಾದರೆ ತೆಲುಗಿನ ಜಾಗದಲ್ಲಿ ತಮಿಳು. ಪೋಷಕರ ಸಭೆಯಲ್ಲಿ, ವಾಟ್ಸಾಪಿನಲ್ಲಿ, ಕೊನೆಗೆ ಮದುವೆ ಊಟದ ಪಂಕ್ತಿಯಲ್ಲೂ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಪುಸ್ತಕದ ರಟ್ಟು ನೋಡಿ. ರಾಜ್ಯ ಪಠ್ಯಕ್ರಮದಲ್ಲಿ ಕನ್ನಡ ಪ್ರಥಮ ಭಾಷೆಯಾದರೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಯಾದರೆ ‘ತಿಳಿ ಕನ್ನಡ’. ಎರಡೂ ಬೇರೆ ಬೇರೆ. ಇದನ್ನು ನೋಡದೆ ಪಕ್ಕದ ಮನೆ ಹುಡುಗನ ಹಳೇ ಪ್ರಶ್ನೆಪತ್ರಿಕೆ ತಂದು ಓದಿಸುವವರಿದ್ದಾರೆ. ಪುಸ್ತಕ ಕಳೆದುಹೋಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವರ್ಷದ ಕೊನೆಗೆ ಬರುವ ಸಂಕಲನಾತ್ಮಕ ಪರೀಕ್ಷೆ). ಎಫ್‌ಎ ಅಂದರೆ ಬರೀ ಕಿರುಪರೀಕ್ಷೆ ಅಂದುಕೊಳ್ಳಬೇಡಿ, ಚಟುವಟಿಕೆಗೂ ಅಂಕ ಇದೆ.

ಇನ್ನು ನಾನು ಏನು ಕೇಳುತ್ತೇನೆ? ಗೊತ್ತಿಲ್ಲದ ಒಂದು ಪ್ಯಾರಾ ಕೊಟ್ಟರೆ ಬೆರಳಿಡದೆ ಗಟ್ಟಿಯಾಗಿ ಓದಬೇಕು. ಓದಿದ್ದನ್ನು ತನ್ನದೇ ಮಾತಲ್ಲಿ ಎರಡು ವಾಕ್ಯ ಬರೆಯಬೇಕು. ಉಕ್ತಲೇಖನದಲ್ಲಿ ಒತ್ತಕ್ಷರ ನುಂಗಬಾರದು. ರಜಾ ಅರ್ಜಿಯನ್ನು ಕಾಪಿ ಹೊಡೆಯದೆ ಬರೆಯಬೇಕು. ಸಂಧಿ, ಸಮಾಸ, ವಿಭಕ್ತಿ ಎಲ್ಲಾ ಇದ್ದೇ ಇವೆ, ಆದರೆ ಓದೋಕೆ ಬರದ ಹುಡುಗನಿಗೆ ಲೋಪಸಂಧಿ ಬಾಯಿಪಾಠ ಮಾಡಿಸಿ ಏನು ಪ್ರಯೋಜನ ಹೇಳಿ.

ಈಗ ತೆಲುಗಿನ ವಿಷಯ. ಬಿಡಬೇಡಿ. ದಯವಿಟ್ಟು ಬಿಡಬೇಡಿ.

ತೆಲುಗಿನಿಂದ ಕನ್ನಡ ಕೆಡುತ್ತೆ ಅನ್ನುವವರು ಒಂದು ಸಲ ನನ್ನ ಜೊತೆ ಕೂತು ಉತ್ತರಪತ್ರಿಕೆ ತಿದ್ದಲಿ. ನಿಜ, ತೆಲುಗಿನ ನೆರಳು ಬೀಳುತ್ತದೆ, ಇಲ್ಲ ಅನ್ನುವುದಿಲ್ಲ. ‘ಅಕ್ಕ ಸಂತೆಯಿಂದ ಬಂತು’ ಅಂತ ಬರೆಯುತ್ತಾರೆ. ಯಾಕೆಂದರೆ ತೆಲುಗಿನಲ್ಲಿ ಅಕ್ಕ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಇದು ದಡ್ಡತನ ಅಲ್ಲ, ಹುಡುಗ ಒಂದು ನಿಯಮವನ್ನು ಸರಿಯಾಗಿ ಕಲಿತು ಅದನ್ನು ತಪ್ಪು ಮನೆಗೆ ತಂದಿದ್ದಾನೆ ಅಷ್ಟೆ. ಕಾರಣ ತೋರಿಸಿ ನಾಲ್ಕು ದಿನ ತಿದ್ದಿದರೆ ಹೋಗುತ್ತದೆ.

ಅಂಕ ಸೋರಿಹೋಗುವುದು ಬೇರೆ ಕಡೆ. ‘ಅಕ್ಕಿ ಆರಿಹೋಯಿತು.’ ಮರದ ಮೇಲಿದ್ದದ್ದು ಹಕ್ಕಿ ಕಣ್ರೋ, ಒಣಗಿಸಿದ ಅಕ್ಕಿ ಅಲ್ಲ! ಹಕಾರ ಹೋಗಿ ಅಕಾರ ಬರುತ್ತದೆ, ‘ಮಕ್ಕಳು’ ಹೋಗಿ ‘ಮಕ್ಕಲು’ ಆಗುತ್ತದೆ, ಧನ ಯಾವುದು ದನ ಯಾವುದು ಗೊತ್ತಾಗುವುದಿಲ್ಲ. ಇದನ್ನೆಲ್ಲ ಬರೆಯುವವರಲ್ಲಿ ಅಪ್ಪಟ ಕನ್ನಡ ಮನೆಯ ಮಕ್ಕಳೂ ಇದ್ದಾರೆ, ಕಡಿಮೆಯೇನಿಲ್ಲ. ಅವರ ಮನೇಲಿ ಯಾವ ಭಾಷೆ ನಿಲ್ಲಿಸಬೇಕು? ಅವರೂ ಓದುವುದಿಲ್ಲ, ಇವರೂ ಓದುವುದಿಲ್ಲ. ರೋಗ ಅಲ್ಲಿದೆ, ಔಷಧಿ ಮನೆಮಾತಿಗೆ ಹಾಕಿದರೆ ಹೇಗೆ?

ಇನ್ನೊಂದು ಮಾತು ಹೇಳದೆ ಇರಲಾರೆ. ಮಾಸ್ತಿಯವರು ನಮ್ಮ ಮಾಲೂರು ತಾಲ್ಲೂಕಿನವರೇ ಅಲ್ವಾ? ಮನೆ ಮಾತು ತಮಿಳು, ಬರೆದದ್ದು ಕನ್ನಡ, 1983ರಲ್ಲಿ ಜ್ಞಾನಪೀಠ. ಬೇಂದ್ರೆಯವರ ಮನೆಯಲ್ಲಿ ಮರಾಠಿ, 1973ರಲ್ಲಿ ಜ್ಞಾನಪೀಠ. ಕಾರ್ನಾಡರದು ಕೊಂಕಣಿ, 1998. ನಿಮ್ಮ ಮಗನಿಗೆ ಜ್ಞಾನಪೀಠ ಬರುತ್ತೆ ಅಂತ ನಾನು ಹೇಳುತ್ತಿಲ್ಲ, ಎಫ್‌ಎ ಪಾಸಾಗೋಕೆ ತೆಲುಗು ಅಡ್ಡ ಬರಲ್ಲ ಅಂತ ಹೇಳುತ್ತಿದ್ದೇನೆ.

ಎಂಟನೇ ಕ್ಲಾಸಿಗೆ ಬರಲಿ, ಹಳೆಗನ್ನಡ ಪದ್ಯ ತೆಗೆದಾಗ ಮಜಾ ನೋಡಿ. ಪಾಲ್, ಪುಲಿ, ಪೆಸರ್ ಅಂದ ಕೂಡಲೇ ಕನ್ನಡ ಮನೆಯ ಮಕ್ಕಳು ಮಿಕಿಮಿಕಿ ನೋಡುತ್ತಾರೆ. ಹಿಂದಿನ ಬೆಂಚಿನ ತೆಲುಗು ಹುಡುಗ ಹಾಲು, ಹುಲಿ, ಹೆಸರು ಅಂತ ಥಟ್ಟನೆ ಹೇಳುತ್ತಾನೆ. ಅವನ ಮನೇಲಿ ಈಗಲೂ ಪಾಲು, ಪುಲಿ, ಪೇರು ಇವೆಯಲ್ಲ. ಆ ದಿನ ಅವನ ಮುಖ ನೋಡಬೇಕು ನೀವು.

ತೆಲುಗು ನಿಲ್ಲಿಸಿದರೆ ಆಗುವುದು ಒಂದೇ. ಅಮ್ಮ ತಡವರಿಸುತ್ತಾ ಅರ್ಧಂಬರ್ಧ ಕನ್ನಡ ಮಾತಾಡುತ್ತಾರೆ, ಅಜ್ಜಿ ಸುಮ್ನಾಗಿಬಿಡುತ್ತಾರೆ, ಹುಡುಗನಿಗೆ ಎರಡು ಭಾಷೆಯಲ್ಲೂ ಕಥೆ ಕೇಳೋಕೆ ಸಿಗಲ್ಲ. ಕಥೆ ಕೇಳದವನು ಕಥೆ ಬರೆಯುವುದೆಲ್ಲಿಂದ?

ಗೈಡ್ ಬೇಡ. ಉತ್ತರ ನೋಡಿ ಇಳಿಸುವುದು ಕೈಗೆ ಕೆಲಸ, ತಲೆಗಲ್ಲ. ಆ ದುಡ್ಡಿಗೆ ಒಂದು ಸಣ್ಣ ಕನ್ನಡ ನಿಘಂಟು ತೆಗೆದುಕೊಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅಲ್ಲಿಗೆ ಕಳಿಸಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮೊಬೈಲ್ ಕೊಡುವುದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತೆಗೆದುಕೊಡಿ. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಕಥೆಗಳು ಉಚಿತ, ಎಷ್ಟೋ ಕಥೆ ಎರಡರಲ್ಲೂ ಇವೆ. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ನೀವು ಒಲೆ ಮುಂದೆ ಇದ್ದರೂ ಸರಿ, ಕಿವಿ ಕೊಟ್ಟರೆ ಸಾಕು. ಕೊನೆಗೆ ಕಥೆ ಏನು ಅಂತ ತೆಲುಗಲ್ಲೇ ಕೇಳಿ.

ಇಲ್ಲಿಗೆ ಬಂದಮೇಲೆ ಇನ್ನೊಂದು ನೆನಪಾಯಿತು, ನೀವು ಕೇಳಿಲ್ಲ. ಮದನಪಲ್ಲಿ, ಹಿಂದೂಪುರ, ಕುಪ್ಪಂ ಕಡೆಯಿಂದ ಮದುವೆಯಾಗಿ ಬಂದ ತಾಯಂದಿರು ‘ನಂಗೆ ಕನ್ನಡ ಓದೋಕೇ ಬರಲ್ಲ, ನಾನೇನು ಹೇಳಿಕೊಡಲಿ’ ಅಂತ ಸಂಕೋಚಪಡುತ್ತಾರೆ. ಅಮ್ಮಾ, ನಿಮಗೆ ತೆಲುಗು ಓದೋಕೆ ಬರುತ್ತಲ್ಲ, ಮುಕ್ಕಾಲು ಕೆಲಸ ಆಗಿದೆ. ಎರಡು ಲಿಪಿಯ ಮೂಲ ಒಂದೇ. ಗ, ರ, ಲ, ಬ ಹೆಚ್ಚುಕಮ್ಮಿ ಹಾಗೇ ಇವೆ, ತಲೆಕಟ್ಟು ಸ್ವಲ್ಪ ಬೇರೆ. ಕ, ತ, ಶ ಇಂಥ ಕೆಲವು ಅಕ್ಷರ ಮಾತ್ರ ಹೊಸದಾಗಿ ಕಲಿಯಬೇಕು. ಅದನ್ನು ಮಗನ ಕೈಲೇ ಹೇಳಿಸಿಕೊಳ್ಳಿ. ನಿಮ್ಮನ್ನು ತಿದ್ದೋಕೆ ಕೂತರೆ ತನ್ನ ಪುಸ್ತಕ ಅವನು ಇನ್ನೆರಡು ಸಲ ಓದಲೇಬೇಕಾಗುತ್ತದೆ. ಬಸ್ಸಿನ ಬೋರ್ಡು, ರೇಷನ್ ಅಂಗಡಿ ಮುಂದೆ ಅಂಟಿಸಿದ ಚೀಟಿಯಿಂದ ಶುರುಮಾಡಿ, ಪಠ್ಯಪುಸ್ತಕ ಆಮೇಲೆ ನೋಡೋಣ.