ಸರಾಸರಿ ಎಂದರೆ ಅರ್ಧಕ್ಕರ್ಧ ಅಲ್ಲ

‘ಹತ್ತುವಾಗ ಗಂಟೆಗೆ 2 ಕಿ.ಮೀ., ಇಳಿಯುವಾಗ 6 ಕಿ.ಮೀ., ಸರಾಸರಿ 4 ಕಿ.ಮೀ.’ ಘಟ್ಟದ ಚಾರಣಕ್ಕೆ ಕರೆಯುವ ಪ್ರಕಟಣೆಗಳಲ್ಲಿ ಈ ಬಗೆಯ ಲೆಕ್ಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತಪ್ಪು ಲೆಕ್ಕ. ಅಲ್ಲಿ ಸರಾಸರಿ 3.

ಪದವನ್ನು ಬಿಡಿಸಿ ನೋಡಿದರೆ ಸಾಕಿತ್ತು. ‘ಸರಾಸರಿ’ ಫಾರಸಿ ಮೂಲದ್ದು. ಮರಾಠಿಯಲ್ಲೂ ಇದೇ ಪದ, ಇದೇ ಅರ್ಥ. ಕಾರವಾರದ ಕಡೆಯವರಿಗೆ ಇದು ಹೊಸದಲ್ಲ. ಫಾರಸಿಯಲ್ಲಿ ‘ಸರ್’ ಎಂದರೆ ತಲೆ. ಸರದಾರ, ಸರಕಾರಗಳಲ್ಲಿ ಕೂತಿರುವುದೂ ಅದೇ ತಲೆ. ಎರಡು ‘ಸರ್’ಗಳ ನಡುವೆ ‘ಆ’ ಸೇರಿ ‘ಸರಾಸರ್’: ಈ ತಲೆಯಿಂದ ಆ ತಲೆಯವರೆಗೆ, ಇಡಿಯಾಗಿ. ನಮ್ಮ ‘ಸರಿ’ಗೂ ಇದಕ್ಕೂ ನಂಟಿಲ್ಲ. ಆದರೆ ಕಿವಿಗೆ ‘ಸರಿ’ ಕೇಳಿಸುವುದರಿಂದ ಸಮಪಾಲು ಎಂಬ ಅರ್ಥ ನುಸುಳಿಬಿಡುತ್ತದೆ.

ಸರಾಸರಿ ವೇಗ ಅಂದರೆ ಇಡೀ ದಾರಿಯನ್ನು ಇಡೀ ಹೊತ್ತಿನಿಂದ ಭಾಗಿಸಿದ್ದು, ಅಷ್ಟೇ. ದಾರಿ 6 ಕಿ.ಮೀ. ಇದ್ದರೆ ಹತ್ತಲು 3 ಗಂಟೆ, ಇಳಿಯಲು 1 ಗಂಟೆ, 12 ಕಿ.ಮೀ.ಗೆ 4 ಗಂಟೆ. ನಿಧಾನದ ನಡಿಗೆ ಹೆಚ್ಚು ಹೊತ್ತು ತಿನ್ನುತ್ತದೆ, ಹಾಗಾಗಿ ಸರಾಸರಿಯನ್ನು ತನ್ನ ಕಡೆಗೇ ಎಳೆಯುತ್ತದೆ. 4 ಎಂದು ನಂಬಿದವರು 3 ಗಂಟೆಯಲ್ಲಿ ಮುಗಿಯಿತು ಅಂದುಕೊಳ್ಳುತ್ತಾರೆ. ಆ 3 ಗಂಟೆ ಹತ್ತುವುದರಲ್ಲೇ ಮುಗಿದಿರುತ್ತದೆ! ಓಡಿ ಇಳಿದರೂ, ಹಾರಿ ಇಳಿದರೂ ಸರಾಸರಿ 4 ಮುಟ್ಟದು.

ಅರ್ಧ ಮಾಡುವ ಲೆಕ್ಕ ಹೊಂದುವುದು ಹೊತ್ತು ಸಮವಾಗಿದ್ದಾಗ ಮಾತ್ರ. ಕಡಲಬದಿಯ ಸಪಾಟು ರಸ್ತೆಯಲ್ಲಿ ಒಂದು ಗಂಟೆ 5 ಕಿ.ಮೀ.ನಂತೆ, ಗುಡ್ಡದ ಏರಿನಲ್ಲಿ ಒಂದು ಗಂಟೆ 3 ಕಿ.ಮೀ.ನಂತೆ ನಡೆದರೆ ಸರಾಸರಿ 4 ನಿಜ.

ಘಟ್ಟ ಹತ್ತುವವರು ವೇಗಗಳನ್ನು ಬಿಟ್ಟು ಹೊತ್ತನ್ನೇ ಕೂಡಿಸುವುದು ಒಳ್ಳೆಯದು. ಸ್ಕಾಟ್‌ಲ್ಯಾಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಹಾಗೇ ಇದೆ: ಈಗಿನ ಅಳತೆಯಲ್ಲಿ 5 ಕಿ.ಮೀ.ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ. ಕರಾವಳಿಯಿಂದ ಅಷ್ಟೆತ್ತರಕ್ಕೆ 6 ಕಿ.ಮೀ. ಕಾಲುದಾರಿ ಇದೆ ಎಂದಿಟ್ಟುಕೊಂಡರೆ, ದೂರಕ್ಕೆ 1 ಗಂಟೆ 12 ನಿಮಿಷ, ಎತ್ತರಕ್ಕೆ ಹತ್ತಿರ ಹತ್ತಿರ 1 ಗಂಟೆ. ಇದು ಗಟ್ಟಿ ಕಾಲಿನವರ ಲೆಕ್ಕ. ನಿಂತು ನೀರು ಕುಡಿಯುವ, ಉಂಬಳ ಕೀಳುವ ಹೊತ್ತು ಇದರಲ್ಲಿ ಸೇರಿಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಇಳಿಯುವಾಗಲೂ ಗಂಟೆಗೆ 6 ಕಿ.ಮೀ. ಎಂದು ಬರೆದುಕೊಳ್ಳಬಾರದು. ಅಲ್ಲಿ ಇಳಿತಕ್ಕೂ ಏರಿನಷ್ಟೇ ಹೊತ್ತು ಇಟ್ಟುಕೊಳ್ಳಬೇಕು.