ಹುಲ್ಲುಹಾಸು ಯಾರದು, ನೀರು ಯಾರದು: ಗಾಲ್ಫ್ ಬಡಾವಣೆಗಳ ಆಡಳಿತ ಕಗ್ಗಂಟಾದ ಬಗೆ

ಮೂಡಿಗೆರೆ ಕಡೆಯ ನಮ್ಮ ಬಂಧುಗಳೊಬ್ಬರು ಕಳೆದ ಮಾಗಿಯಲ್ಲಿ ಒಂದು ದಪ್ಪ ಕಡತ ಹಿಡಿದು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದರು. ಕಾಫಿ ತೋಟವನ್ನು ಮಗನ ಕೈಗೆ ಒಪ್ಪಿಸಿ, ಕೂಡಿಟ್ಟ ಹಣದಲ್ಲಿ ಗಾಲ್ಫ್ ಮೈದಾನದ ಅಂಚಿನ ಬಡಾವಣೆಯೊಂದರಲ್ಲಿ ಮನೆ ಕೊಂಡವರು ಅವರು. ತಿಂಗಳ ನಿರ್ವಹಣಾ ಶುಲ್ಕ ಹೆಚ್ಚಿಸಲಾಗಿದೆ ಎಂದು ಒಂದು ಪತ್ರ, ಮೈದಾನದ ಬದಿಯ ನಡಿಗೆ ಹಾದಿ ಇನ್ನು ಮುಂದೆ ಕ್ಲಬ್ಬಿನ ಸದಸ್ಯರಿಗೆ ಮಾತ್ರ ಎಂದು ಇನ್ನೊಂದು ಪತ್ರ, ಎರಡೂ ಒಂದೇ ವಾರದಲ್ಲಿ ಅವರ ಕೈಸೇರಿದ್ದವು. ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿ ನೋಡಿದೆವು. ಕ್ರಯಪತ್ರದ ಮೇಲೆ ಒಂದು ಸಂಸ್ಥೆಯ ಮೊಹರು, ಕ್ಲಬ್ ಸದಸ್ಯತ್ವದ ಕರಾರಿನ ಮೇಲೆ ಬೇರೊಂದು ಸಂಸ್ಥೆಯ ಮೊಹರು, ನಿರ್ವಹಣಾ ಒಪ್ಪಂದದ ಮೇಲೆ ಮೂರನೆಯದರ ಮೊಹರು. ನಿವಾಸಿಗಳ ಸಂಘದ ರಸೀದಿ ಪುಸ್ತಕ ಇವೆಲ್ಲಕ್ಕಿಂತ ಬೇರೆ. ಮನೆ ಕೊಂಡ ದಿನ ಇವೆಲ್ಲ ಒಂದೇ ಯಜಮಾನಿಕೆಯ ಬೇರೆ ಬೇರೆ ಹೆಸರುಗಳೆಂದು ನಂಬಿ ಅವರು ಸಹಿ ಹಾಕಿದ್ದರು.

ಇಂತಹ ಬಡಾವಣೆಗಳಲ್ಲಿ ಜಗಳವೆದ್ದಾಗ ಅದನ್ನು ಆಟ ಆಡುವವರಿಗೂ ಆಡದವರಿಗೂ ನಡುವಿನ ವೈಮನಸ್ಯವೆಂದು ಬಣ್ಣಿಸುವುದುಂಟು. ಆ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಮನೆ, ಕ್ಲಬ್ಬು, ಮೈದಾನದ ಜಮೀನು ಈ ಮೂರೂ ಮೂರು ಬೇರೆ ಬೇರೆ ಹಕ್ಕುಗಳ ಮೇಲೆ ನಿಂತಿವೆ ಎಂಬ ಸಂಗತಿಯನ್ನು ಕೊಳ್ಳುವವರಿಗೆ ಸಕಾಲದಲ್ಲಿ ಯಾರೂ ಬಿಡಿಸಿ ಹೇಳದಿರುವುದೇ ಕಲಹದ ಬೇರು, ಮತ್ತು ಆ ಬೇರು ಸಾಕಷ್ಟು ಹಳೆಯದು.

ನಮ್ಮ ನಾಡಿಗೆ ಗಾಲ್ಫ್ ಬಂದದ್ದು ಬ್ರಿಟಿಷರ ಕ್ಲಬ್ಬುಗಳ ಮೂಲಕ. ಕಲ್ಕತ್ತೆಯ ರಾಯಲ್ ಗಾಲ್ಫ್ ಕ್ಲಬ್ 1829ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಹುಟ್ಟಿದವು. ಮಲೆನಾಡಿನ ಕಾಫಿ ಸೀಮೆಯಲ್ಲಿ ತೋಟದಿಂದ ತೋಟಕ್ಕೆ ಹಲವು ಮೈಲಿ ದೂರವಿದ್ದ ಪ್ಲಾಂಟರುಗಳು ವಾರಕ್ಕೊಮ್ಮೆ ಸೇರಲು ಕಟ್ಟಿಕೊಂಡ ಕ್ಲಬ್ಬುಗಳೂ ಅದೇ ಕಾಲದವು; ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರದ್ದು. ಇವುಗಳ ಆಡಳಿತ ಸರಳವಾಗಿತ್ತು. ಕಟ್ಟಡವಾಗಲಿ, ಹುಲ್ಲುಹಾಸಾಗಲಿ, ಲೆಕ್ಕದ ಪುಸ್ತಕವಾಗಲಿ ಸದಸ್ಯರ ಒಟ್ಟು ಹೊಣೆಯಾಗಿತ್ತು. ಸದಸ್ಯರೇ ಸಮಿತಿಯನ್ನು ಆರಿಸುತ್ತಿದ್ದರು, ಗೌರವ ಕಾರ್ಯದರ್ಶಿ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಿದ್ದರು, ಮನಸ್ಸು ಮುರಿದವರು ರಾಜೀನಾಮೆ ಕೊಟ್ಟು ಮನೆಗೆ ಹೋಗುತ್ತಿದ್ದರು. ಹೋಗಲು ಬೇರೆಲ್ಲೋ ಒಂದು ಮನೆ ಇತ್ತು ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಕ್ಲಬ್ಬಿನ ಅಂಗಳದಲ್ಲೇ ಮನೆ ಕಟ್ಟಿಕೊಂಡವನಿಗೆ ಆ ದಾರಿ ಉಳಿಯುವುದಿಲ್ಲ.

ಮನೆಯನ್ನೂ ಮೈದಾನವನ್ನೂ ಒಂದುಗೂಡಿಸಿದ್ದು ರಿಯಲ್ ಎಸ್ಟೇಟ್ ವ್ಯವಹಾರ, ಮೊದಲು ಅಮೆರಿಕದಲ್ಲಿ, ಆಮೇಲೆ ನಮ್ಮಲ್ಲಿ. ಅದರ ಹಿಂದಿನ ಲೆಕ್ಕಾಚಾರವನ್ನು ಅರ್ಥಮಾಡಿಕೊಂಡರೆ ಮುಂದಿನ ಕಥೆಯೆಲ್ಲ ತಿಳಿಯುತ್ತದೆ. ಚೆಂಡು ಬೀಳಿಸುವ 18 ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 150 ಎಕರೆ ಬೇಕು, ಆದರೆ ಅದು ಚೌಕಾಕಾರದ ಬಯಲಲ್ಲ. ಆರು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿ ಹಾವಿನಂತೆ ಸುತ್ತಿಕೊಂಡ ಹುಲ್ಲಿನ ಪಟ್ಟಿ. ಪಟ್ಟಿಯ ಎರಡೂ ಬದಿ ಹಿಡಿದರೆ ಹನ್ನೆರಡು ಕಿಲೋಮೀಟರಿನಷ್ಟು ‘ಹಸಿರಿಗೆ ಮುಖಮಾಡಿದ’ ಅಂಚು ಸಿಗುತ್ತದೆ, ಆ ಅಂಚಿನ ನಿವೇಶನಕ್ಕೆ ಹಿಂದಿನ ಸಾಲಿಗಿಂತ ಹೆಚ್ಚಿನ ಬೆಲೆ ಬರುತ್ತದೆ. ಹಾಗಾಗಿ ಮೈದಾನವೆಂಬುದು ಬಿಲ್ಡರ್ ಪಾಲಿಗೆ ಮನೆ ಮಾರುವ ಸಾಧನ. ಕೊನೆಯ ಮನೆ ಮಾರಾಟವಾದ ದಿನ ಆ ಸಾಧನದ ಕೆಲಸ ಮುಗಿಯಿತು. ಮರುದಿನದಿಂದ ಅದೇ ಹುಲ್ಲು ಬರೀ ಖರ್ಚಿನ ಬಾಬತ್ತು. ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ 1990ರ ದಶಕದ ಕೊನೆಗೆ ನೆಲೆಯೂರಿದ ಈ ಮಾದರಿ ನಮ್ಮ ಬಿಡದಿಗೂ ನಂದಿಬೆಟ್ಟದ ತಪ್ಪಲಿಗೂ ಬಂತು.

ಕಾಫಿ ಸೀಮೆಯ ಹಣ ಇಂತಹ ಕಡೆ ಹರಿದದ್ದಕ್ಕೂ ಕಾರಣಗಳಿವೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು, 1996ರ ಹೊತ್ತಿಗೆ ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಿ ಅದರ ಮೂಲಕವೇ ಮಾರಬೇಕಿದ್ದ ಪೂಲ್ ಪದ್ಧತಿಯೂ ಕೊನೆಗೊಂಡು ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದರು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ನೆಲಕಚ್ಚಿದಾಗ ತೋಟವೊಂದನ್ನೇ ನೆಚ್ಚಿ ಕೂರುವ ಧೈರ್ಯ ಅನೇಕರಿಗೆ ಉಳಿಯಲಿಲ್ಲ. ಹೋಂಸ್ಟೇಗಳು ಹಬ್ಬಿದ್ದು ಆಗಲೇ. ಬೆಲೆ ಚೇತರಿಸಿಕೊಂಡಾಗ ಕೈಗೆ ಬಂದ ಹಣವನ್ನು ಮನೆ-ನಿವೇಶನಗಳಲ್ಲಿ ತೊಡಗಿಸುವುದು ರೂಢಿಯಾಯಿತು. ಕ್ಲಬ್ ಎಂದರೆ ಸದಸ್ಯರದೇ ಸ್ವತ್ತು ಎಂದು ಮೂರು ತಲೆಮಾರಿನಿಂದ ಕಂಡುಂಡ ಜನ, ಗಾಲ್ಫ್ ಬಡಾವಣೆಯ ಕ್ಲಬ್ಬೂ ಹಾಗೆಯೇ ಎಂದುಕೊಂಡದ್ದು ಸಹಜವೇ ಆಗಿತ್ತು.

ಕಾನೂನು ಇಲ್ಲಿ ನೆರವಿಗೆ ಬರಬೇಕಿತ್ತು. ಕರ್ನಾಟಕದಲ್ಲಿ ಒಟ್ಟು ವಾಸದ ಆಸ್ತಿಗಳಿಗೆಂದು ಇರುವ ಮುಖ್ಯ ಕಾಯ್ದೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಅದು ಬಹುಮಹಡಿ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದದ್ದು: ಮೆಟ್ಟಿಲು, ಮಾಳಿಗೆ, ತೊಟ್ಟಿ, ಕಟ್ಟಡದಡಿಯ ನೆಲ ಇವುಗಳಲ್ಲಿ ಪ್ರತಿ ಮನೆಗೂ ಅವಿಭಾಜ್ಯ ಪಾಲು. ಪ್ರತ್ಯೇಕ ನಿವೇಶನದಲ್ಲಿ ನಿಂತ ಮನೆಗೆ ಈ ಅಂಗಿ ಸರಿಯಾಗಿ ಹೊಂದುವುದಿಲ್ಲ. ಆದ್ದರಿಂದ ನಿವೇಶನದ ಬಡಾವಣೆಗಳವರು ಬಹುಮಟ್ಟಿಗೆ 1960ರ ಸಂಘಗಳ ನೋಂದಣಿ ಕಾಯ್ದೆಯ ಆಶ್ರಯ ಪಡೆಯುತ್ತಾರೆ. ಆ ಕಾಯ್ದೆಯಡಿ ವಾರ್ಷಿಕ ಸಭೆ ನಡೆಸಬೇಕು, ಲೆಕ್ಕವನ್ನೂ ಸಮಿತಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು, ಮೂರನೇ ಒಂದು ಭಾಗದಷ್ಟು ಸದಸ್ಯರು ಕೋರಿದರೆ 25ನೇ ಕಲಮಿನಡಿ ವಿಚಾರಣೆಯೂ ಆಗುತ್ತದೆ. ಇಷ್ಟೆಲ್ಲ ಇದ್ದರೂ ಸಂಘ ನೋಂದಾಯಿಸಿದ ಮಾತ್ರಕ್ಕೆ ಜಮೀನು ಸಂಘದ ಹೆಸರಿಗೆ ಬರುವುದಿಲ್ಲ. ಮತ್ತೊಂದೆಡೆ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ವಿನ್ಯಾಸ ಮಂಜೂರಾಗುವಾಗ ರಸ್ತೆ ಮತ್ತು ಉದ್ಯಾನದ ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವುದು ಕ್ರಮ. ಹಾಗೆ ಬಿಟ್ಟುಕೊಟ್ಟ ಮೇಲೆ ಗೇಟು ಹಾಕಿದ ಬಡಾವಣೆಯೊಳಗಿನ ರಸ್ತೆಯೂ ಸಾರ್ವಜನಿಕ ರಸ್ತೆಯೇ. ಗಾಲ್ಫ್ ಮೈದಾನ ಹಾಗೆ ಬಿಟ್ಟುಕೊಟ್ಟ ಉದ್ಯಾನದ ಲೆಕ್ಕಕ್ಕೆ ಸೇರಿರುವುದು ಅಪರೂಪ. ಸಾಮಾನ್ಯವಾಗಿ ಅದು ಪ್ರವರ್ತಕರ (ಬಡಾವಣೆ ಕಟ್ಟಿ ಮಾರಿದ ಬಿಲ್ಡರ್‌ಗಳ) ಅಥವಾ ಅವರದೇ ಇನ್ನೊಂದು ಕಂಪನಿಯ ಖಾತೆಯಲ್ಲಿ ಉಳಿದಿರುತ್ತದೆ. ಮನೆ ಕೊಂಡವರಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ, ಅದೂ ಕ್ಲಬ್ಬಿನ ನಿಯಮಗಳಿಗೆ ಒಳಪಟ್ಟು.

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ, 2017ರ ಜುಲೈನಲ್ಲಿ ಬಂದ ಕರ್ನಾಟಕದ ನಿಯಮಗಳು ಈ ಚಿತ್ರವನ್ನು ಸಾಕಷ್ಟು ಬದಲಿಸಿವೆ. ಬಹುಪಾಲು ಮನೆಗಳು ಕಾಯ್ದಿರಿಸಲ್ಪಟ್ಟ ಮೂರು ತಿಂಗಳೊಳಗೆ ಖರೀದಿದಾರರ ಸಂಘ ರಚನೆಯಾಗುವಂತೆ ನೋಡಿಕೊಳ್ಳುವುದು ಪ್ರವರ್ತಕರ ಹೊಣೆಯೆಂದು 11ನೇ ಕಲಮು ಹೇಳುತ್ತದೆ. ಸಾಮಾನ್ಯ ಪ್ರದೇಶಗಳನ್ನು ಸಂಘದ ಹೆಸರಿಗೆ ವರ್ಗಾಯಿಸಬೇಕೆಂದು 17ನೇ ಕಲಮು ಹೇಳುತ್ತದೆ. ‘ಸಾಮಾನ್ಯ ಪ್ರದೇಶ’ದ ವ್ಯಾಖ್ಯೆಯಲ್ಲಿ ಉದ್ಯಾನ, ಆಟದ ಜಾಗ, ಯೋಜನೆಯಲ್ಲಿ ಒದಗಿಸಿದ ಸಮುದಾಯ ಸೌಲಭ್ಯಗಳು ಎಲ್ಲವೂ ಸೇರಿವೆ. ಹಾಗಾದರೆ ಗಾಲ್ಫ್ ಮೈದಾನ? ಯೋಜನೆಯನ್ನು ರೇರಾದಲ್ಲಿ ನೋಂದಾಯಿಸುವಾಗ ಸಲ್ಲಿಸಿದ ನಕ್ಷೆಯೊಳಗೆ ಮೈದಾನ ಸೇರಿದೆಯೇ, ಇಲ್ಲವೇ ಅದನ್ನು ಗಡಿಯಾಚೆಗಿಟ್ಟು ‘ಪಕ್ಕದ ಸೌಲಭ್ಯ’ವೆಂದು ತೋರಿಸಲಾಗಿದೆಯೇ ಎಂಬುದರ ಮೇಲೆ ಉತ್ತರ ನಿಂತಿದೆ. ನಕ್ಷೆಯ ಮೇಲಿನ ಒಂದು ಗೆರೆ ಕೋಟ್ಯಂತರ ರೂಪಾಯಿಯ ಆಸ್ತಿಯ ಹಣೆಬರಹವನ್ನು ನಿರ್ಧರಿಸುತ್ತದೆ. ಕಾಯ್ದೆ ಜಾರಿಗೆ ಬರುವ ಮುನ್ನವೇ ಪೂರ್ಣತಾ ಪ್ರಮಾಣಪತ್ರ ಪಡೆದ ಬಡಾವಣೆಗಳಿಗೆ ನೋಂದಣಿಯ ಕಟ್ಟುಪಾಡೇ ಇಲ್ಲದಿರುವುದರಿಂದ ಅಲ್ಲಿನವರ ಪಾಡು ಇನ್ನೂ ಕಷ್ಟ. ನಮ್ಮ ಬಂಧುಗಳ ಮನೆ ಈ ಎರಡನೆಯ ಗುಂಪಿನದು.

ಇನ್ನು ಶುಲ್ಕದ ವಿಷಯ. ಶುಲ್ಕವನ್ನು ಏರಿಸುವ ನಿಜವಾದ ಕಾರಣ ನೀರು.

ಇದನ್ನು ಕಾಫಿ ಬೆಳೆಗಾರರ ಅಳತೆಯಲ್ಲೇ ಹೇಳಬಹುದು. ನಮ್ಮ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು-ಸೆಂಟುಗಳಲ್ಲೇ ಬರೆದಿಡುತ್ತಾರೆ; ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ. ಬಂಗಲೆಯ ಮುಂದಿನ ಮಳೆಮಾಪಕವನ್ನು ಬೆಳಿಗ್ಗೆ ಎಂಟಕ್ಕೆ ನೋಡಿ ಪುಸ್ತಕದಲ್ಲಿ ಗುರುತು ಹಾಕುವುದು ಪೂಜೆಯಷ್ಟೇ ನಿಯಮದ ಕೆಲಸ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ ಐದು ಮಿಲಿಮೀಟರ್, ಅಂದರೆ ಇಪ್ಪತ್ತು ಸೆಂಟಿನಷ್ಟು ನೀರು ಕಳೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ ಐದು ದಿನಕ್ಕೊಂದು ಇಂಚು ಕೊಡಬೇಕು. ಮೈದಾನದ ಉಳಿದೆಲ್ಲ ಭಾಗವನ್ನೂ ಬಿಟ್ಟು 25 ಎಕರೆಯನ್ನಷ್ಟೇ ಹಸಿರಾಗಿಡುತ್ತೇವೆಂದರೂ ದಿನಕ್ಕೆ ಐದು ಲಕ್ಷ ಲೀಟರ್ ಆಯಿತು. ಇದು ಬೇಕಾಗುವುದು ಫೆಬ್ರವರಿಯಿಂದ ಮೇವರೆಗೆ, ರೊಬಸ್ಟಾ ಕಾಫಿ ತೋಟದವರು ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾದು, ಅದು ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲು ಕೆರೆ-ಹಳ್ಳಗಳತ್ತ ನೋಡುವ ಅದೇ ತಿಂಗಳುಗಳಲ್ಲಿ.

‘ಮನೆಗಳ ಬಳಕೆ ನೀರನ್ನು ಶುದ್ಧೀಕರಿಸಿ ಮೈದಾನಕ್ಕೆ ಹರಿಸುತ್ತೇವೆ’ ಎಂಬ ಭರವಸೆ ಮಾರಾಟದ ಕಾಲದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ, ತಾತ್ವಿಕವಾಗಿ ಅದು ಒಳ್ಳೆಯ ಪದ್ಧತಿಯೂ ಹೌದು. ಆದರೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಸರಬರಾಜಿನ ಮಾನದಂಡವನ್ನೇ ಹಿಡಿದು, ಅದರ ಶೇಕಡಾ ಎಂಬತ್ತು ಭಾಗ ತಿರುಗಿ ಬರುತ್ತದೆಂದು ಲೆಕ್ಕ ಹಾಕಿದರೆ ನಾಲ್ಕು ಜನರ ಮನೆಯೊಂದರಿಂದ ಸಿಗುವುದು 430 ಲೀಟರಿನ ಆಸುಪಾಸು. 200 ಮನೆಗಳೂ ತುಂಬಿದ್ದರೆ ದಿನಕ್ಕೆ 86,000 ಲೀಟರ್. ಅದು ನಾಲ್ಕು ಎಕರೆಗೆ ಸಾಲುತ್ತದೆ. ಕುಳಿಗಳ ಸುತ್ತಲಿನ ಗ್ರೀನ್‌ಗಳು ಎಲ್ಲ ಸೇರಿ ಎರಡೂವರೆ ಎಕರೆಯಷ್ಟಿರುವುದರಿಂದ ಅವು ಬದುಕುತ್ತವೆ. ಉಳಿದ ಹುಲ್ಲಿಗೆ ಕೊಳವೆಬಾವಿಯೇ ಗತಿ. ವಾರಾಂತ್ಯಕ್ಕಷ್ಟೇ ಜನ ಬರುವ ಬಡಾವಣೆಯಾದರೆ ಈ 86,000 ಕೂಡ ಕಾಗದದ ಮೇಲಿನ ಅಂಕಿ. ನಮ್ಮ ಬಂಧುಗಳು ಈ ಲೆಕ್ಕವನ್ನು ಎರಡು ನಿಮಿಷದಲ್ಲಿ ಗ್ರಹಿಸಿ, ‘ಇದನ್ನು ಕೊಳ್ಳುವ ಮೊದಲೇ ಹಾಕಬೇಕಿತ್ತು’ ಎಂದು ಸುಮ್ಮನೆ ಕೂತರು. ಅವರ ತಪ್ಪೇನೂ ಇರಲಿಲ್ಲ. ಲೆಕ್ಕ ಹಾಕಲು ಬೇಕಾದ ಅಂಕಿಗಳನ್ನು ಅವರ ಮುಂದೆ ಇಟ್ಟವರೇ ಇರಲಿಲ್ಲ.

ಕಡೂರು ಕಡೆಯ ಕೆರೆ ಬಯಲಿನ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಒಬ್ಬನಿರುತ್ತಿದ್ದ. ತೂಬು ಎಷ್ಟು ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ಅವನ ಕೈಯಲ್ಲಿತ್ತು. ಕೆರೆಯಲ್ಲಿ ನೀರೆಷ್ಟಿದೆ ಎಂಬುದು ಊರಿಗೆಲ್ಲ ಕಾಣುವಂತಿದ್ದುದರಿಂದ ಅವನ ಮಾತು ನಡೆಯುತ್ತಿತ್ತು. ಗಾಲ್ಫ್ ಬಡಾವಣೆಯ ನೀರು ನೆಲದಡಿಯದು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದಕಾರಣ ಅಲ್ಲಿ ಸುದ್ದಿ ತಿಳಿಸುವುದೇ ಆಡಳಿತದ ಅರ್ಧ ಕೆಲಸ ಎಂದು ನಾನು ನಂಬುತ್ತೇನೆ.

ಕಡತ ನೋಡಿದ ಮರುವಾರ ಆ ಬಡಾವಣೆಗೆ ಹೋಗಿ ಒಂದು ರಾತ್ರಿ ತಂಗಿದೆ. ನಸುಕಿನಲ್ಲಿ ಎದ್ದು ಹೊರಬಂದಾಗ ಮಾಲಿಯೊಬ್ಬರು ಉದ್ದನೆಯ ಬಿದಿರ ಗಳುವನ್ನು ಗ್ರೀನಿನ ಮೇಲೆ ಅರ್ಧಚಂದ್ರಾಕಾರದಲ್ಲಿ ಬೀಸುತ್ತಾ ಇಬ್ಬನಿ ಉದುರಿಸುತ್ತಿದ್ದರು. ಆಮೇಲೆ ಕೊಳವೆಯಾಕಾರದ ಕತ್ತರಿಯಂಥ ಉಪಕರಣವನ್ನು ನೆಲಕ್ಕೆ ಊರಿ, ತಿರುಗಿಸಿ, ಹೊಸ ಕುಳಿ ತೋಡಿದರು. ನಾಲ್ಕೂಕಾಲು ಇಂಚು ಅಗಲ, 1891ರಿಂದ ಜಗತ್ತಿನಾದ್ಯಂತ ಅದೇ ಅಳತೆ. ಮೇಲೆ ಬಂದ ಮಣ್ಣು-ಹುಲ್ಲಿನ ಮುದ್ದೆಯನ್ನು ನಿನ್ನೆಯ ಕುಳಿಗೆ ತುಂಬಿ, ಅಂಗೈಯಿಂದ ಒತ್ತಿ, ಸೀಸೆಯಿಂದ ಸ್ವಲ್ಪ ನೀರು ಹನಿಸಿ, ಗೆರೆ ಕೂಡಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿದರು. ಒಂದೇ ಜಾಗ ತುಳಿತಕ್ಕೆ ಸಿಕ್ಕಿ ಸಾಯಬಾರದೆಂದು ಕುಳಿಯನ್ನು ಹೀಗೆ ಆಗಾಗ ಸ್ಥಳಾಂತರಿಸುತ್ತಾರೆ. ಯಾವ ಕೊಳವೆಬಾವಿ ಎಷ್ಟು ಹೊತ್ತು ಓಡುತ್ತದೆ, ಕಳೆದ ವರ್ಷಕ್ಕಿಂತ ಈ ವರ್ಷ ಎಷ್ಟು ಬೇಗ ಗಾಳಿ ಎಳೆಯುತ್ತಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ಕ್ಲಬ್ಬಿನ ವರಾಂಡದ ಸೂಚನಾ ಫಲಕದಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ಗಾಜಿನ ಹಿಂದೆ ಪಂದ್ಯಾವಳಿಯ ವಿಜೇತರ ಪಟ್ಟಿ, ಹಬ್ಬದ ಊಟದ ಆಹ್ವಾನ, ಸಾಕುನಾಯಿಗಳ ಕುರಿತ ಎಚ್ಚರಿಕೆ, ಮತ್ತು ಶುಲ್ಕ ಹೆಚ್ಚಳದ ಅದೇ ಪತ್ರದ ಪ್ರತಿ ಇದ್ದವು. ಹೆಚ್ಚಳ ಏಕೆಂದು ಹೇಳಲು ಆ ಪತ್ರ ಒಂದೇ ಸಾಲು ಖರ್ಚುಮಾಡಿತ್ತು. ಟ್ಯಾಂಕರ್ ನೀರಿಗೆ, ಪಂಪಿನ ವಿದ್ಯುತ್ತಿಗೆ, ಮಾಲಿಗಳ ಸಂಬಳಕ್ಕೆ ಎಷ್ಟೆಷ್ಟು ಹೋಯಿತೆಂದು ಬಿಡಿಸಿ ಬರೆದಿದ್ದರೆ ನಮ್ಮ ಬಂಧುಗಳಂಥವರು ತಕರಾರಿಲ್ಲದೆ ಕೊಡುತ್ತಿದ್ದರು. ತೋಟ ನಡೆಸಿದವರಿಗೆ ಖರ್ಚಿನ ಕಷ್ಟ ಹೇಳಿಕೊಡಬೇಕಾಗಿಲ್ಲ.

ಈ ಬಾರಿಯ ಸರ್ವಸದಸ್ಯರ ಸಭೆಗೆ ಅವರು ಎರಡೇ ಕೋರಿಕೆಗಳನ್ನು ಬರೆದುಕೊಟ್ಟರು. ಮಂಜೂರಾದ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿಯನ್ನು ತರಿಸಿ, ಮೈದಾನವೂ ನಡಿಗೆ ಹಾದಿಯೂ ಯಾವ ಸರ್ವೆ ನಂಬರಿನಲ್ಲಿ ಯಾರ ಖಾತೆಯಲ್ಲಿವೆ ಎಂದು ಸಭೆಯ ಮುಂದಿಡಬೇಕು ಎಂಬುದು ಮೊದಲನೆಯದು. ಪ್ರತಿ ಕೊಳವೆಬಾವಿಗೂ ಮೀಟರ್ ಅಳವಡಿಸಿ ಅದರ ಅಂಕಿಯನ್ನು ವಾರಕ್ಕೊಮ್ಮೆ ಫಲಕದಲ್ಲಿ ಹಾಕಬೇಕು ಎಂಬುದು ಎರಡನೆಯದು. ನಕ್ಷೆಗೆ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ, ನಡಿಗೆ ಹಾದಿಯ ಗೇಟಿಗೆ ಬೀಗ ಹಾಗೆಯೇ ಇದೆ. ಮೀಟರ್ ಮಾತ್ರ ಬಂದಿದೆ. ಸೋಮವಾರದ ಬೆಳಿಗ್ಗೆ ಅದೇ ಮಾಲಿ, ಇಬ್ಬನಿ ಉದುರಿಸಿ ಮುಗಿಸಿದ ಮೇಲೆ, ಅಂಕಿಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ವಿಜೇತರ ಪಟ್ಟಿಯ ಪಕ್ಕಕ್ಕೆ ಅಂಟಿಸುತ್ತಾರೆ.